180 ಪುಟ, 23 ದಿನ: ಮಕ್ಕಳಿಗೆ ಉದ್ದ ಕಥೆ ಗಟ್ಟಿಯಾಗಿ ಓದುವ ಕೆಲಸ

ಚಿತ್ರಪುಸ್ತಕ ಕೂತ ಕಡೆಯೇ ಮುಗಿಯುತ್ತದೆ. ಹದಿನಾರೋ ಇಪ್ಪತ್ತನಾಲ್ಕೋ ಪುಟ, ಪುಟಕ್ಕೆ ಎರಡು ಮೂರು ಸಾಲು, ಅರ್ಧ ಕೆಲಸವನ್ನು ಚಿತ್ರವೇ ಮಾಡಿಕೊಡುತ್ತದೆ. ಅಧ್ಯಾಯಗಳಿರುವ ಕಥೆಪುಸ್ತಕಕ್ಕೆ ಬಂದಾಗ ಮಗು ಚಿತ್ರದ ಆಸರೆಯಿಲ್ಲದೆ ಕೇಳಬೇಕು, ಕೇಳಿದ್ದನ್ನು ಒಂದು ರಾತ್ರಿ ಮನಸ್ಸಿನಲ್ಲಿಟ್ಟುಕೊಂಡು ಮಾರನೆಯ ದಿನ ಅಲ್ಲಿಂದಲೇ ಹಿಡಿಯಬೇಕು. ಓದುವವರಿಗೂ ಕೆಲಸ ಜಾಸ್ತಿ. ಬೆಂಗಳೂರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ನಮ್ಮಂಥ ಕೆಲವು ಮನೆಗಳಲ್ಲಿ ಐದರಿಂದ ಎಂಟು ವರ್ಷದವರಿಗೆ ಕನ್ನಡದ ಉದ್ದ ಕಥೆಗಳನ್ನು ಓದುತ್ತ ಓದುತ್ತ ರೂಢಿಯಾದ ಕ್ರಮ ಇದು. ಲೆಕ್ಕಕ್ಕೆ 180 ಪುಟದ ಒಂದು ಪುಸ್ತಕವನ್ನು ಇಟ್ಟುಕೊಂಡಿದ್ದೇವೆ.

ಮೊದಲು ಗಡಿಯಾರ. ಕನ್ನಡದ ಸಾಮಾನ್ಯ ಅಳತೆಯ ಕಥೆಪುಸ್ತಕದಲ್ಲಿ ಪುಟಕ್ಕೆ 28 ಸಾಲಿನ ಆಸುಪಾಸು, ಸಾಲಿಗೆ ಏಳೆಂಟು ಪದ, ಅಂದರೆ ಪುಟಕ್ಕೆ 200–220 ಪದ. ಮಕ್ಕಳಿಗೆ ಓದುವ ನಿಧಾನದಲ್ಲಿ ನಿಮಿಷಕ್ಕೆ 90 ಪದ ಸಾಗುತ್ತದೆ. ಇಂಗ್ಲಿಷ್ ಓದಿ ಅಭ್ಯಾಸವಿದ್ದವರಿಗೆ ಇದು ತೀರಾ ಕಡಿಮೆ ಅನ್ನಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕಾದದ್ದನ್ನು ಕನ್ನಡ ‘ಮನೆಯೊಳಗಿನಿಂದಲೇ’ ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತದೆ. ಪದ ಕಡಿಮೆ, ಬಾಯಿಗೆ ಕೆಲಸ ಅಷ್ಟೇ. ಪುಟಕ್ಕೆ ಎರಡು ನಿಮಿಷ ಇಪ್ಪತ್ತು ಸೆಕೆಂಡು ಹಿಡಿದರೆ 8 ಪುಟಕ್ಕೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಆರು ದಾಟಿದ ಮಗುವಿಗೆ ಅದು ಹಿಡಿಸುವ ಅಳತೆ. 180 ಪುಟಕ್ಕೆ 23 ದಿನ, ವಾರಕ್ಕೆ ಐದು ದಿನದಂತೆ ನಾಲ್ಕೂವರೆ ವಾರ. ಐದು ವರ್ಷದವರಿಗೆ ನಾಲ್ಕೈದು ಪುಟವೇ ಸಾಕು, ಅವರ ಪುಸ್ತಕವೂ ತೆಳ್ಳಗಿರಲಿ. ಗ್ರಂಥಾಲಯದಿಂದ ತಂದ ಪುಸ್ತಕವಾದರೆ ಎರವಲಿನ ಅವಧಿ ಎಷ್ಟು ದಿನ ಅಂತ ಮೊದಲೇ ಕೇಳಿಕೊಳ್ಳಿ. ಎರಡು ವಾರವಾದರೆ ಕಥೆ ನಡುದಾರಿಯಲ್ಲಿರುವಾಗಲೇ ನವೀಕರಣಕ್ಕೆ ಓಡಬೇಕಾಗುತ್ತದೆ.

ನೇರವಾಗಿ 180 ಪುಟಕ್ಕೆ ಹಾರುವುದು ಬೇಡ. ನಡುವೆ ಒಂದು ಮೆಟ್ಟಿಲು ಇದೆ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ, ನಾಲ್ಕು ಹಂತಗಳಲ್ಲಿ. ಮೂರನೆಯ ಹಂತ 600ರಿಂದ 1500 ಪದ, ನಾಲ್ಕನೆಯದು 1500 ಮೀರಿದ್ದು. ನಾಲ್ಕನೆಯ ಹಂತದ ಕಥೆಯೊಂದನ್ನು ಮುದ್ರಿಸಿಕೊಂಡು ಬೇಕೆಂದೇ ಎರಡು ದಿನಕ್ಕೆ ಒಡೆದು ಓದಿ. ‘ಉಳಿದದ್ದು ನಾಳೆ’ ಎಂಬ ಮಾತಿಗೆ ಮಗು ಹೊಂದಿಕೊಳ್ಳುವುದು ಇಂಥ ಆರೇಳು ಕಥೆಗಳಲ್ಲಿ. ಮೊದಲ ಸಲ ಅಳು, ಹಟ ಎರಡೂ ಇರುತ್ತದೆ. ಅಳು ಬಂತೆಂದು ಮುಗಿಸಿಬಿಟ್ಟರೆ ಮುಂದಿನ ಸಲ ಅಳು ಇನ್ನೂ ಬೇಗ ಬರುತ್ತದೆ.

ಪುಸ್ತಕ ಆರಿಸುವ ಕೆಲಸವನ್ನು ಫೋನಿನಲ್ಲಿ ಮಾಡುವುದು ಕಷ್ಟ. ಅಂಗಡಿಗೇ ಹೋಗಿ, ಗಾಂಧಿ ಬಜಾರಿನ ಅಂಕಿತವೋ ಗಾಂಧಿನಗರದ ಸಪ್ನವೋ, ಹಳೆಯದಾದರೆ ಅವೆನ್ಯೂ ರಸ್ತೆಯ ಬದಿಯೋ. ಪುಸ್ತಕದ ನಡುವಿನ ಒಂದು ಪುಟ ತೆರೆದು ತುಟಿ ಆಡಿಸಿ ಓದಿ. ಮೊದಲ ಪುಟವನ್ನು ಎಲ್ಲ ಲೇಖಕರೂ ಅಚ್ಚುಕಟ್ಟಾಗಿಯೇ ಬರೆದಿರುತ್ತಾರೆ, ನಂಬಬೇಡಿ. ಒಂದು ಪುಟದಲ್ಲಿ ಮೂರು ಸಲ ನಾಲಿಗೆ ತಡವರಿಸಿದರೆ ಆ ಪುಸ್ತಕ ಕಣ್ಣಿನಲ್ಲಿ ಓದಿಕೊಳ್ಳಲು ಮಾತ್ರ.

ತಡವರಿಸುವುದು ಎಲ್ಲಿ? ವಾಕ್ಯ ಉದ್ದವಾದ ಮಾತ್ರಕ್ಕೆ ಅಲ್ಲ. ‘ಎದ್ದು, ಮುಖ ತೊಳೆದು, ಹಾಲು ಕುಡಿದು, ಚೀಲ ಹೆಗಲಿಗೇರಿಸಿ ಹೊರಟ’ ಎಂಬ ವಾಕ್ಯ ಎಷ್ಟೇ ಉದ್ದವಿದ್ದರೂ ಮಗು ಹಿಂದೆ ಹಿಂದೆಯೇ ಬರುತ್ತದೆ, ಏಕೆಂದರೆ ಆದದ್ದು ಆದ ಕ್ರಮದಲ್ಲೇ ಕೇಳುತ್ತಿದೆ. ಅದೇ, ‘ಅಪ್ಪ ಸಂತೆಯಿಂದ ತಂದಿದ್ದ, ಅಜ್ಜಿ ಗಡಿಗೆಯಲ್ಲಿ ಬಚ್ಚಿಟ್ಟಿದ್ದ, ಯಾರಿಗೂ ಗೊತ್ತಾಗದಂತೆ ಬೆಕ್ಕು ಎಗರಿಸಿದ್ದ ಮೀನು’ ಅಂದರೆ ಏನನ್ನು ತಂದದ್ದು, ಏನನ್ನು ಬಚ್ಚಿಟ್ಟದ್ದು ಎಂಬುದು ಕೊನೆಯ ಪದದವರೆಗೆ ತಿಳಿಯುವುದಿಲ್ಲ. ಓದಿಕೊಳ್ಳುವವರ ಕಣ್ಣು ಮುಂದಕ್ಕೆ ಹೋಗಿ ಮೀನನ್ನು ನೋಡಿ ಬರುತ್ತದೆ; ಕಿವಿಗೆ ಆ ಅನುಕೂಲವಿಲ್ಲ. ಅನುವಾದದ ಪುಸ್ತಕಗಳಲ್ಲಿ ಇದರ ಕಾಟ ಹೆಚ್ಚು. ಪುಟಕ್ಕೊಂದು ಇದ್ದರೆ ಓದುವಾಗ ಒಡೆದುಕೊಳ್ಳಬಹುದು, ಪ್ಯಾರಾಕ್ಕೆ ಎರಡಿದ್ದರೆ ಬಿಟ್ಟುಬಿಡಿ.

ಇನ್ನೆರಡು ಗಮನಿಸಿ. ಅಧ್ಯಾಯ ಆರರಿಂದ ಹತ್ತು ಪುಟ ಇರಬೇಕು. ಮೊದಲ ಎರಡು ಅಧ್ಯಾಯದಲ್ಲಿ ಹೆಸರುಳ್ಳ ಪಾತ್ರಗಳು ಐದು ಮೀರಬಾರದು, ಅದರಲ್ಲೂ ರಮೇಶ, ರಾಜೇಶ, ರಾಕೇಶ ಅಂತ ಒಂದೇ ಅಕ್ಷರದಿಂದ ಶುರುವಾಗುವ ಹೆಸರುಗಳಿದ್ದರೆ ಕಥೆ ಕಲಸುಮೇಲೋಗರ. ಚಿಕ್ಕ ಮಕ್ಕಳಿಗೆಂದೇ ಸಣ್ಣ ಸಣ್ಣ ಅಧ್ಯಾಯದಲ್ಲಿ ಬರೆದ ಕನ್ನಡದ ಕಾದಂಬರಿಗಳು ಬಯಸಿದಷ್ಟು ಇಲ್ಲ. ಕಥಾ ಸಂಕಲನ, ಪದ್ಯದ ಪುಸ್ತಕಗಳೇ ಹೆಚ್ಚು. ಆದ್ದರಿಂದ ಒಂದೇ ಪಾತ್ರ ಕಥೆಯಿಂದ ಕಥೆಗೆ ಮುಂದುವರಿಯುವ ಪುಸ್ತಕಗಳನ್ನೂ, ಮಕ್ಕಳಿಗೆ ಸಂಗ್ರಹಿಸಿ ಬರೆದ ರಾಮಾಯಣ, ಮಹಾಭಾರತಗಳನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳುತ್ತೇವೆ.

ಹೊಲಿಗೆ ಹಾಕಿದ ಪುಸ್ತಕ ಸಿಕ್ಕರೆ ಅದನ್ನೇ ಕೊಳ್ಳಿ. ಬೆನ್ನಿಗೆ ಅಂಟು ಮಾತ್ರ ಹಚ್ಚಿದ್ದು ದಿನಾ ಅಗಲಕ್ಕೆ ತೆರೆದಿಟ್ಟರೆ ಮೂರನೆಯ ವಾರಕ್ಕೆ ನಡುವಿನಿಂದ ಸೀಳುತ್ತದೆ.

ಪುಸ್ತಕ ಮನೆಗೆ ಬಂದ ಮೇಲೆ ಓದುವವರು ಒಮ್ಮೆ ಪೂರ್ತಿ ಓದಿಕೊಳ್ಳುವುದು ಕಡ್ಡಾಯ. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಕೊನೇಪಕ್ಷ ನಾಳೆಯ ಎಂಟು ಪುಟವನ್ನು ಇವತ್ತು ರಾತ್ರಿ. ಕೈಯಲ್ಲಿ ಪೆನ್ಸಿಲ್ ಇರಲಿ. ಮಾಡುವ ಗುರುತು ಮೂರೇ: ಉಸಿರು ತೆಗೆದುಕೊಳ್ಳುವ ಕಡೆ ಒಂದು ಓರೆಗೆರೆ, ಮಗುವಿಗೆ ಗೊತ್ತಿರಲಾರದ ಪದದ ಕೆಳಗೆ ಚುಕ್ಕಿ, ಇವತ್ತು ನಿಲ್ಲಿಸುವ ಕಡೆ ಅಂಚಿನಲ್ಲಿ ಒಂದು ಕೊಕ್ಕೆ. ಇನ್ನೂ ಹೆಚ್ಚು ಗುರುತು ಹಾಕಿದರೆ ಓದುವಾಗ ಕಣ್ಣಿಗೆ ಅವೇ ಅಡ್ಡ ಬರುತ್ತವೆ.

ಮುಂಚೆ ಓದಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಮಕ್ಕಳ ಕಥೆಗಳಲ್ಲಿ ಕುಂಟ, ಕುರುಡ, ಕರಿಯ ಎಂಬ ಹಂಗಿಸುವ ಮಾತು, ಹೆಂಡತಿಗೆ ಬಿದ್ದ ಹೊಡೆತವನ್ನು ತಮಾಷೆ ಮಾಡುವ ಸಾಲು, ಜಾತಿಯ ಹೆಸರು ಹಿಡಿದು ಬೈಗುಳ, ಇವೆಲ್ಲ ಯಾವ ಮುನ್ಸೂಚನೆಯೂ ಇಲ್ಲದೆ ಬರುತ್ತವೆ. ಓದುತ್ತ ಓದುತ್ತ ಗಕ್ಕನೆ ನಿಂತು ಸಾಲು ಹಾರಿಸಿದರೆ ಎಂಟು ವರ್ಷದವರ ಕಣ್ಣು ಆಗಲೇ ಪುಟದ ಮೇಲಿರುತ್ತದೆ: “ಅಮ್ಮಾ, ಒಂದು ಸಾಲು ಬಿಟ್ಟೆ ನೀನು.” ಆಮೇಲೆ ಇಡೀ ಪುಸ್ತಕದಲ್ಲಿ ಏನೇನು ಬಿಟ್ಟಿದ್ದೀರಿ ಎಂಬುದೇ ಅವರಿಗೆ ಕಥೆ. ಬಿಡುವುದಾದರೆ ಹಿಂದಿನ ರಾತ್ರಿಯೇ ತೀರ್ಮಾನ ಮಾಡಿ, ಜೋಡಿಸುವ ವಾಕ್ಯವನ್ನೂ ಅಂಚಿನಲ್ಲಿ ಬರೆದುಕೊಳ್ಳಿ. ಸಾವು ಬಂದರೆ ಬಿಡಬೇಡಿ. ಕಥೆಯೊಳಗಿನ ಸಾವನ್ನು ಮಕ್ಕಳು ದೊಡ್ಡವರಿಗಿಂತ ನೆಟ್ಟಗೆ ಕೇಳಿಸಿಕೊಳ್ಳುತ್ತಾರೆ, ಗಂಟಲು ಕಟ್ಟುವುದು ಓದುವವರಿಗೆ. ಅಂಥ ಅಧ್ಯಾಯವನ್ನು ಮಾತ್ರ ರಾತ್ರಿ ಮಲಗುವ ಹೊತ್ತಿಗೆ ಇಟ್ಟುಕೊಳ್ಳಬಾರದು.

ಹೊತ್ತಿನ ವಿಷಯ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಕಸದ ಆಟೋದ ಹಾಡು, ಸೊಪ್ಪು ಮಾರುವವರ ಕೂಗು, ಶಾಲಾ ವ್ಯಾನಿನ ಹಾರ್ನು ಎಲ್ಲ ಮುಗಿದು ಹತ್ತೂವರೆಗೆ ಒಂದು ನಿಶ್ಶಬ್ದ ಬರುತ್ತದೆ. ಮನೆಯಲ್ಲೇ ಕಲಿಯುವ ಮಕ್ಕಳಿಗೆ ಸಿಗುವ ದೊಡ್ಡ ಸವಲತ್ತು ಅದು. ಕುಕ್ಕರ್ ಇಟ್ಟು ಬಂದು ಕೂರಬೇಡಿ. ಕಥೆಯಲ್ಲಿ ಹುಲಿ ಹೆಜ್ಜೆ ಇಡುವ ಹೊತ್ತಿಗೇ ಮೂರನೆಯ ಸೀಟಿ ಬರುತ್ತದೆ. ಮಧ್ಯಾಹ್ನ ಎರಡೂವರೆಗೆ ಓದಿದರೆ ಮೊದಲು ತೂಕಡಿಸುವುದು ಓದುವವರು. ರಾತ್ರಿ ಓದುವ ಮನೆಗಳೂ ಇವೆ, ಆದರೆ ನಾಲ್ಕನೆಯ ಪುಟಕ್ಕೆ ನಿದ್ದೆ ಹೋದ ಮಗುವಿಗೆ ಮಾರನೆಯ ದಿನ ಆ ನಾಲ್ಕು ಪುಟ ಮತ್ತೆ ಓದಬೇಕು, ಎಚ್ಚರವಿದ್ದ ಅಕ್ಕನಿಗೆ ಅದು ರೇಜಿಗೆ. ರಾತ್ರಿಗೆ ಬಿಡಿ ಕಥೆ ಅಥವಾ ಪದ್ಯ, ಬೆಳಿಗ್ಗೆಗೆ ಮುಂದುವರಿಯುವ ಕಥೆ ಎಂದು ಹಂಚಿಕೊಂಡರೆ ಸಲೀಸು. ಗಣೇಶನ ಪೆಂಡಾಲಿನ ಮೈಕು ಬೀದಿಯಲ್ಲಿರುವ ದಿನಗಳಲ್ಲಿ ಸಂಜೆಯ ಓದನ್ನು ಮರೆತುಬಿಡಿ.

ಕೂರುವುದು ನೆಲದ ಮೇಲೆ, ಓದುವವರ ಬೆನ್ನಿಗೆ ಗೋಡೆ, ಬೆಳಕು ಎಡಹೆಗಲ ಹಿಂದಿನಿಂದ. ಸೋಫಾದ ಮೇಲೆ ಇಬ್ಬರು ಮಕ್ಕಳನ್ನು ಎರಡೂ ಕಡೆ ಒರಗಿಸಿಕೊಂಡರೆ ನೋಡಲು ಚೆಂದ, ಹತ್ತು ನಿಮಿಷಕ್ಕೆ ತೋಳು ಜೋಮು ಹಿಡಿಯುತ್ತದೆ, ಎದೆ ಕುಗ್ಗಿ ದನಿ ಸಣ್ಣಗಾಗುತ್ತದೆ.

ಮಕ್ಕಳ ಕೈಗೆ ಕೆಲಸ ಕೊಡಿ. ಸುಮ್ಮನೆ ಕೈಕಟ್ಟಿ ಕೂತು ಕೇಳು ಅಂದರೆ ಆರು ವರ್ಷದ ಮಗು ಏಳು ನಿಮಿಷ ತಡೆದೀತು. ಡಿಸೆಂಬರ್, ಜನವರಿಯಲ್ಲಿ ನಮ್ಮೂರಿನವರಿಗೆ ಇದರ ಚಿಂತೆಯೇ ಇಲ್ಲ: ಬುಟ್ಟಿ ತುಂಬ ಸೊಗಡಿನ ಅವರೆಕಾಯಿ ಸುರಿದು ಕೂರಿಸಿದರೆ ಅರ್ಧ ಕೆಜಿ ಸುಲಿದು ಮುಗಿಯುವಷ್ಟರಲ್ಲಿ ಅಧ್ಯಾಯವೂ ಮುಗಿಯುತ್ತದೆ, ಸದ್ದೂ ಇಲ್ಲ. ನೆನೆಸಿದ ಅವರೆ ಹಿತಕಲು ಮಾತ್ರ ಕೊಡಬೇಡಿ. ಒತ್ತಿದರೆ ಕಾಳು ಚಂಗನೆ ಹಾರುತ್ತದೆ, ಎರಡನೆಯ ಪುಟಕ್ಕೆ ಅದು ಗುರಿ ಹೊಡೆಯುವ ಆಟ. ಕಡಲೆಕಾಯಿ ಪರಿಷೆಯಿಂದ ತಂದ ಕಡಲೆಕಾಯಿಯೂ ಬೇಡ. ಪಟಪಟ ಸದ್ದಿಗೆ ವಾಕ್ಯದ ಕೊನೆ ಕೇಳುವುದಿಲ್ಲ, ಕನ್ನಡದಲ್ಲಿ ಕೊನೆ ಕೇಳದಿದ್ದರೆ ವಾಕ್ಯವೇ ಹೋದಂತೆ. ಅವರೆ ಇಲ್ಲದ ತಿಂಗಳಲ್ಲಿ ಜೇಡಿಮಣ್ಣು, ಮೇಣದ ಬಳಪ, ಸೂಜಿಯಿಲ್ಲದೆ ಪೋಣಿಸುವ ದಪ್ಪ ಮಣಿ. ಬಣ್ಣದ ವರಸೆ ಹಿಡಿದು ಪೋಣಿಸಲು ಹೇಳಿದರೆ ಮನಸ್ಸು ಎಣಿಕೆಗೆ ಹೋಗುತ್ತದೆ, ಕಥೆಗೆ ಉಳಿಯುವುದಿಲ್ಲ. ಕಟ್ಟುವ ಬ್ಲಾಕುಗಳಾದರೆ ಡಬ್ಬಿಯಿಂದ ತೆಗೆದು ಹಳೆಯ ಬೆಡ್‌ಶೀಟಿನ ಮೇಲೆ ಮೊದಲೇ ಹರವಿ, ಡಬ್ಬಿಯೊಳಗೆ ಕೈಯಾಡಿಸುವ ಗಲಾಟೆ ತಪ್ಪುತ್ತದೆ. ‘ಕೇಳಿದ ಕಥೆಯ ಚಿತ್ರ ಬರಿ’ ಅಂತ ಮಾತ್ರ ಹೇಳಬೇಡಿ, ಅಲ್ಲಿಗೆ ಅದು ಹೋಮ್‌ವರ್ಕ್ ಆಯಿತು.

ಇನ್ನು ಓದು. ಇಲ್ಲಿ ನಿಧಾನಿಸಬೇಕು, ಏಕೆಂದರೆ ಕನ್ನಡದ ಮನೆಗಳಲ್ಲಿ ಹೆಚ್ಚಿನ ತಾಪತ್ರಯ ಇಲ್ಲಿಯೇ.

ಬೆಂಗಳೂರಿನ ಮಗುವಿಗೆ ಪುಸ್ತಕದ ಕನ್ನಡ ಮನೆಯ ಕನ್ನಡವಲ್ಲ. ಮನೆಯಲ್ಲಿ ‘ಹೋಗ್ತಿದಾನೆ’, ಪುಸ್ತಕದಲ್ಲಿ ‘ಹೋಗುತ್ತಿದ್ದಾನೆ’. ಮನೆಯಲ್ಲಿ ‘ಅವ್ನಿಗ್ ಗೊತ್ತಾಗಲ್ಲ’, ಪುಸ್ತಕದಲ್ಲಿ ‘ಅವನಿಗೆ ತಿಳಿಯದು’. ಮನೆಯಲ್ಲಿ ತಮಿಳೋ ತೆಲುಗೋ ಸೇರಿಕೊಂಡಿದ್ದರೆ ದೂರ ಇನ್ನೂ ಹೆಚ್ಚು. ಇದನ್ನು ಕಂಡು ಕೆಲವರು ಇಡೀ ಪುಸ್ತಕವನ್ನು ಆಡುಮಾತಿಗೆ ತಿರುಗಿಸಿ ಓದುತ್ತಾರೆ. ಮಗು ಖುಷಿಯಾಗಿಯೇ ಕೇಳುತ್ತದೆ. ಆದರೆ ಎಂಟನೆಯ ವಯಸ್ಸಿಗೆ ತಾನೇ ಪುಸ್ತಕ ತೆರೆದಾಗ ಆ ಭಾಷೆಯನ್ನು ಅದರ ಕಿವಿ ಎಂದೂ ಕೇಳಿರುವುದಿಲ್ಲ. ಅಕ್ಷರ ಬಂದರೂ ಓದು ಬಾರದು. ಕನ್ನಡ ಮಾತಾಡುವ, ಇಂಗ್ಲಿಷ್ ಮಾತ್ರ ಓದುವ ಮಕ್ಕಳು ಈ ಊರಿನಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಆದ್ದರಿಂದ ನಾವು ಹಿಡಿದ ದಾರಿ ಹೀಗೆ: ನಿರೂಪಣೆಯನ್ನು ಅಚ್ಚಾದಂತೆಯೇ ಓದುವುದು, ಪಾತ್ರಗಳ ಮಾತನ್ನು ಬಾಯಿಮಾತಿಗೆ ಇಳಿಸುವುದು. ‘“ನಾನು ಬರುವುದಿಲ್ಲ” ಎಂದನು’ ಎಂದಿದ್ದರೆ ‘“ನಾನ್ ಬರಲ್ಲ” ಎಂದನು’. ಎರಡು ಕನ್ನಡವೂ ಕಿವಿಗೆ ಬೀಳುತ್ತದೆ, ಯಾವುದು ಎಲ್ಲಿಯದು ಎಂಬುದೂ ಹೇಳದೆಯೇ ಗೊತ್ತಾಗುತ್ತದೆ.

ಅಚ್ಚಾದಂತೆ ಓದುವಾಗ ಕಾಲು ಜಾರುವ ಜಾಗಗಳಿವೆ. ‘ಅವನು ಹೋಗನು’ ಎಂದರೆ ಹೋಗುವುದಿಲ್ಲ ಎಂದು. ಮಗು ಅದನ್ನು ‘ಹೋಗುವನು’ ಅಂತಲೇ ಕೇಳಿಸಿಕೊಳ್ಳುತ್ತದೆ. ಕಥೆ ತಲೆಕೆಳಗಾದದ್ದು ಎರಡು ಪುಟ ಕಳೆದ ಮೇಲೆ ಗೊತ್ತಾಗುತ್ತದೆ. ‘ಬಾರಳು’, ‘ಕೊಡೆನು’, ‘ಕಾಣೆ’ ಎಲ್ಲವೂ ಇದೇ ಜಾತಿ. ಇಂಥ ಪದ ಬಂದಾಗ ತಲೆ ಅಡ್ಡಡ್ಡ ಆಡಿಸಿ ಓದಿ, ವಿವರಣೆ ಬೇಕಿಲ್ಲ. ‘ಹೇಳದೆ ಇರಲಿಲ್ಲ’ ಎಂಬ ಎರಡು ಇಲ್ಲಗಳ ವಾಕ್ಯವನ್ನು ಐದು ವರ್ಷದವರಿಗೆ ‘ಹೇಳಿಯೇಬಿಟ್ಟ’ ಎಂದು ಬದಲಿಸಿದರೆ ನಷ್ಟವೇನಿಲ್ಲ. ದೀರ್ಘವನ್ನು ಗುಟುಕರಿಸಬೇಡಿ: ಕೆರೆ ದಾಟಿದ್ದಕ್ಕೂ ಕೇರೆ ದಾಟಿದ್ದಕ್ಕೂ ಇರುವ ಅಂತರ ಒಂದು ಹಾವಿನಷ್ಟು. ಲ–ಳ, ನ–ಣ, ಹಕಾರ ಸ್ಪಷ್ಟವಿರಲಿ. ಮಹಾಪ್ರಾಣವನ್ನು ಮಾತ್ರ ರೇಡಿಯೋ ವಾರ್ತೆಯವರಂತೆ ಎದೆ ಉಬ್ಬಿಸಿ ಹೇಳಬೇಕಿಲ್ಲ, ಮಕ್ಕಳು ನಗುತ್ತಾರೆ, ಆ ನಗು ಎರಡು ದಿನ ಇರುತ್ತದೆ.

ಯಾರು ಮಾತಾಡುತ್ತಿದ್ದಾರೆ ಎಂಬುದು ನಮ್ಮ ಪುಸ್ತಕಗಳಲ್ಲಿ ಮಾತು ಮುಗಿದ ಮೇಲೆ ಬರುತ್ತದೆ: ನಾಲ್ಕು ಸಾಲಿನ ಮಾತು, ಕೊನೆಯಲ್ಲಿ ‘ಎಂದಳು ಅಜ್ಜಿ’. ಅಲ್ಲಿಯತನಕ ಮಗು ಅದನ್ನು ಮೊಮ್ಮಗನ ಮಾತು ಎಂದುಕೊಂಡಿರುತ್ತದೆ. ‘ಅಜ್ಜಿ ಹೇಳಿದಳು’ ಅಂತ ಮೊದಲೇ ಹೇಳಿ ಆಮೇಲೆ ಮಾತನ್ನು ಓದಿ. ದನಿ ಬೇರೆಯಾಗಿ ಗುರುತು ಸಿಕ್ಕುತ್ತಿದ್ದರೆ ಆ ‘ಎಂದಳು’, ‘ಎಂದನು’ಗಳನ್ನು ಅರ್ಧಕ್ಕರ್ಧ ಬಿಟ್ಟೇಬಿಡಬಹುದು. ಅಂದಹಾಗೆ ‘ಅಜ್ಜಿ ಬಂದಳು’ ಎಂದು ಓದಿದಾಗ “ಅಜ್ಜಿಗೆ ‘ಬಂದ್ರು’ ಅನ್ಬೇಕಲ್ವಾ?” ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಬರುತ್ತದೆ. “ಕಥೆಯ ಅಜ್ಜಿಗೆ ಹಾಗೆ, ನಮ್ಮನೆ ಅಜ್ಜಿಗೆ ಹೀಗೆ” ಅಂದರೆ ಅವರಿಗೆ ಸಾಕಾಗುತ್ತದೆ.

ದನಿ ಬದಲಿಸುವ ಹುಮ್ಮಸ್ಸು ಹಿಡಿತದಲ್ಲಿರಲಿ. ಮೊದಲ ದಿನ ಏಳು ಪಾತ್ರಕ್ಕೆ ಏಳು ದನಿ ಕೊಟ್ಟವರು ಹನ್ನೊಂದನೆಯ ದಿನ ಶಾನುಭೋಗರ ದನಿ ಯಾವುದೆಂದು ಮರೆತಿರುತ್ತಾರೆ, ಮಕ್ಕಳು ಮರೆತಿರುವುದಿಲ್ಲ. ಎರಡು ಅಥವಾ ಮೂರು ದನಿ ಸಾಕು, ಉಳಿದವರಿಗೆ ವೇಗ ಬದಲಿಸಿ: ಒಬ್ಬ ನಿಧಾನ, ಒಬ್ಬಳು ಚುರುಕು. ಕೊಟ್ಟ ದನಿಯನ್ನು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಡಿ. ರಾಕ್ಷಸನಿಗೆ ಗಂಟಲು ಕೆರೆದು ಗೊಗ್ಗರು ದನಿ ತೆಗೆಯಬೇಡಿ, ಮರುದಿನ ನಿಮ್ಮ ದನಿಯೇ ಇರುವುದಿಲ್ಲ. ತಗ್ಗಿದ ದನಿಯಲ್ಲಿ ಮೆಲ್ಲಗೆ ಓದಿದರೆ ರಾಕ್ಷಸ ಇನ್ನೂ ಭಯಂಕರ. ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿರಲಿ. ಹಾಲು, ಕಾಫಿ ಕುಡಿದ ಕೂಡಲೇ ಕೂತರೆ ಗಂಟಲು ಮಂದವಾಗಿ ಸಾಲು ಸಾಲಿಗೂ ಕೆಮ್ಮು. ಇಪ್ಪತ್ತೈದು ನಿಮಿಷ ದಾಟಿದ ಮೇಲೆ ದನಿ ತಾನಾಗಿ ಏರುತ್ತದೆ, ವೇಗವೂ ಏರುತ್ತದೆ, ಓದುವವರಿಗೆ ಅದು ಗೊತ್ತಾಗುವುದಿಲ್ಲ. ಫೋನಿನಲ್ಲಿ ಒಂದು ದಿನ ರೆಕಾರ್ಡ್ ಮಾಡಿ ಕೇಳಿದರೆ ಒಪ್ಪಿಕೊಳ್ಳುತ್ತೀರಿ.

ಗೊತ್ತಿಲ್ಲದ ಪದಗಳು ಬಹಳ. ಕನ್ನಡದ ಮಕ್ಕಳ ಕಥೆಗಳಲ್ಲಿ ಎಷ್ಟೋ ನಡೆಯುವುದು ಊರುಗಳಲ್ಲಿ, ಕೇಳುವ ಮಗು ಇರುವುದು ಎಂಟನೆಯ ಮಹಡಿಯಲ್ಲಿ. ಕಣಜ, ಹಗೇವು, ಕೊಟ್ಟಿಗೆ, ಅಟ್ಟ, ಪಡಸಾಲೆ, ಬೀಸುಕಲ್ಲು ಯಾವುದನ್ನೂ ಅದು ಕಂಡಿರುವುದಿಲ್ಲ. ಮಲೆನಾಡಿನವರು ಬರೆದ ಕಥೆಯಾದರೆ ಸಂಕ, ಹಾಳೆ, ಅಂಬಾರಲು ಬರುತ್ತವೆ, ಬೆಂಗಳೂರಿನ ಅಪ್ಪ ಅಮ್ಮಂದಿರಿಗೇ ಗೊತ್ತಿರುವುದಿಲ್ಲ. ಒಂದು ದಿನದ ಓದಿಗೆ ಮೂರು ಪದಕ್ಕಿಂತ ಹೆಚ್ಚು ವಿವರಿಸಬಾರದು ಎಂದು ನಾವು ಕಟ್ಟು ಹಾಕಿಕೊಂಡಿದ್ದೇವೆ. ಕಥೆ ನಡೆಯಲು ಬೇಕೇಬೇಕಾದ ಪದವನ್ನು ಓದು ಶುರುವಾಗುವ ಮೊದಲೇ ಹೇಳಿಬಿಡುತ್ತೇವೆ: “ಇವತ್ತು ಸಂಕ ಬರುತ್ತೆ. ಹಳ್ಳ ದಾಟೋಕೆ ಮರದ ದಿಮ್ಮಿ ಅಡ್ಡ ಹಾಕಿರ್ತಾರಲ್ಲ, ಅದು.” ಎರಡನೆಯ ದರ್ಜೆಯ ಪದಕ್ಕೆ ಓದಿನ ನಡುವೆಯೇ ದನಿ ತುಸು ತಗ್ಗಿಸಿ ಇನ್ನೊಂದು ಪದ ಸೇರಿಸುತ್ತೇವೆ: ‘ಕಣಜದಲ್ಲಿ, ಕಾಳು ತುಂಬಿಡೋ ಜಾಗದಲ್ಲಿ, ಅವಿತುಕೊಂಡಿತು’. ಉಳಿದವು ಹಾಗೇ ಹೋಗಲಿ. ಅದೇ ಪದ ನಾಲ್ಕನೆಯ ಸಲ ಬರುವ ಹೊತ್ತಿಗೆ ಮಗು ಅಂದಾಜು ಮಾಡಿಕೊಂಡಿರುತ್ತದೆ. ಓದು ನಿಲ್ಲಿಸಿ ಫೋನಿನಲ್ಲಿ ಚಿತ್ರ ಹುಡುಕಿದಿರೋ, ಫೋನು ಗೆಲ್ಲುತ್ತದೆ. ಚಿತ್ರ ಊಟದ ಹೊತ್ತಿಗಿರಲಿ. ಧಾರವಾಡದ ಕಡೆಯ, ಕುಂದಾಪುರದ ಕಡೆಯ ಮಾತು ಬಂದರೆ ಬಾರದ ಧಾಟಿಯನ್ನು ಅನುಕರಿಸಲು ಹೋಗದೆ ಬರೆದಿದ್ದನ್ನು ನೇರ ಓದುವುದು ಮರ್ಯಾದೆ.

ಪಂಚತಂತ್ರಕ್ಕೆ ಪ್ರತ್ಯೇಕ ಉಪಾಯ ಬೇಕು. ಐದು ತಂತ್ರಗಳೆಂದರೆ ಹೇಳಿಮಾಡಿಸಿದ ಐದು ಭಾಗ ಎನ್ನಿಸುತ್ತದೆ, ಆದರೆ ಕಥೆಯೊಳಗಿನ ನರಿ ಕಥೆ ಹೇಳುತ್ತದೆ, ಆ ಕಥೆಯೊಳಗಿನ ಕಾಗೆ ಇನ್ನೊಂದು ಶುರು ಮಾಡುತ್ತದೆ. ಕರಟಕ–ದಮನಕರು ಎಲ್ಲಿ ಕೂತಿದ್ದರು ಎಂಬುದು ಮೂರನೆಯ ದಿನಕ್ಕೆ ಯಾರಿಗೂ ನೆನಪಿರುವುದಿಲ್ಲ. ಚೌಕಾಬಾರದ ಕವಡೆ ತನ್ನಿ. ಹೊಸ ಕಥೆ ಶುರುವಾದಾಗಲೆಲ್ಲ ನೆಲದ ಮೇಲೆ ಒಂದು ಕವಡೆ, ಆ ಕಥೆ ಮುಗಿದಾಗ ಅದನ್ನು ಹಿಂದಕ್ಕೆ. ನೆಲದ ಮೇಲೆ ಎರಡು ಕವಡೆ ಉಳಿದಿದ್ದರೆ ಎರಡು ಕಥೆ ಬಾಕಿ ಇದೆ ಎಂದು ಐದು ವರ್ಷದವರೂ ಹೇಳುತ್ತಾರೆ. ಓದು ನಿಲ್ಲಿಸುವಾಗ ಕವಡೆಗಳನ್ನು ಪುಸ್ತಕದ ಮೇಲೆ ಒಂದು ಲೋಟದಲ್ಲಿ ಇಟ್ಟುಬಿಡಿ.

ಇಂಗ್ಲಿಷ್ ಪುಸ್ತಕವನ್ನು ಕಣ್ಣಲ್ಲಿ ಓದುತ್ತ ಬಾಯಲ್ಲಿ ಕನ್ನಡ ಹೇಳುವುದೂ ರೂಢಿಯಲ್ಲಿದೆ. ಅಲ್ಲಿ ಕ್ರಿಯಾಪದ ವಾಕ್ಯದ ನಡುವೆಯೇ ಬರುತ್ತದೆ, ನಮ್ಮಲ್ಲಿ ಕೊನೆಗೆ. ಪೂರ್ತಿ ವಾಕ್ಯ ಕಣ್ಣಿಗೆ ಬೀಳದೆ ಬಾಯಿ ತೆರೆದರೆ ನಡುವೆ ಸಿಕ್ಕಿಕೊಳ್ಳುತ್ತೀರಿ. ಕಣ್ಣು ಸದಾ ಒಂದು ವಾಕ್ಯ ಮುಂದಿರಬೇಕು. ಪುಟಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತದೆ, ತಲೆ ಬೇಗ ದಣಿಯುತ್ತದೆ, ಪದಗಳ ಮೇಲೆ ನಿಂತ ತಮಾಷೆಗಳು ಸತ್ತೇಹೋಗುತ್ತವೆ. ವಾರಕ್ಕೊಂದು ದಿನಕ್ಕೆ ಸರಿ. ದಿನದ ಓದಿಗೆ ನಾವು ಒಪ್ಪುವುದಿಲ್ಲ, ಏಕೆಂದರೆ ಹಾಗೆ ಹುಟ್ಟುವುದು ಆಡುಮಾತಿನ ಕನ್ನಡವೇ, ಪುಸ್ತಕದ್ದಲ್ಲ.

ದಿನದ ಓದು ಹಿಂದಿನ ದಿನದ ಎಳೆಯಿಂದ ಶುರುವಾಗಬೇಕು. “ನಿನ್ನೆ ಏನಾಯ್ತು ಹೇಳು” ಅಂದರೆ ಪರೀಕ್ಷೆಯ ವಾಸನೆ ಬಂದು ಮಗು “ಗೊತ್ತಿಲ್ಲ” ಎನ್ನುತ್ತದೆ. ಬೇಕೆಂದೇ ತಪ್ಪು ಹೇಳಿ: “ನಿನ್ನೆ ಹುಡುಗ ದೋಣಿ ಹತ್ತಿ ಮನೆಗೆ ಬಂದುಬಿಟ್ಟ, ಅಲ್ವಾ?” ಎಲ್ಲರೂ ಒಟ್ಟಿಗೆ ಕಿರುಚಿ ಸರಿಮಾಡುತ್ತಾರೆ, ಒಂದು ನಿಮಿಷದೊಳಗೆ ಎಲ್ಲರಿಗೂ ಕಥೆ ನೆನಪಾಗಿರುತ್ತದೆ. ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಒಂದೇ ಸಲ ಓದಿ, ಕೇಳಿದ್ದನ್ನು ಮಗುವಿನ ಬಾಯಿಂದಲೇ ಮರಳಿ ಹೇಳಿಸುವ ಕ್ರಮ ಹಾಕಿಕೊಟ್ಟರು. ಮನೆಶಾಲೆಯವರಲ್ಲಿ ಇಂದಿಗೂ ಅದಕ್ಕೆ ಬಹಳ ಮನ್ನಣೆ. ಆರು ವರ್ಷಕ್ಕಿಂತ ಮೊದಲು ಅವರೂ ಅದನ್ನು ಕೇಳುತ್ತಿರಲಿಲ್ಲ, ಕೆಲವರು ಮೂರು ವರ್ಷದವರಿಗೇ ಶುರು ಮಾಡಿಸಿ ಕಥೆಯ ಮೇಲೆಯೇ ಜಿಗುಪ್ಸೆ ತರಿಸುತ್ತಾರೆ. ದೊಡ್ಡ ಮಗು ಫೋನಿನಲ್ಲಿ ಅಜ್ಜಿಗೆ ಇವತ್ತಿನ ಕಥೆ ಹೇಳಿದರೆ ಅದೇ ಮರುಹೇಳಿಕೆ. ಅಜ್ಜಿಗೆ ನಿಜವಾಗಿಯೂ ಕಥೆ ಗೊತ್ತಿಲ್ಲದಿರುವುದರಿಂದ ಮಗು ಅಚ್ಚುಕಟ್ಟಾಗಿ ಹೇಳುತ್ತದೆ.

ನಾಲ್ಕು, ಆರು, ಎಂಟು ವರ್ಷದವರು ಒಟ್ಟಿಗೆ ಇದ್ದರೆ ಪುಸ್ತಕವನ್ನು ಆರು ವರ್ಷದವರ ಕಿವಿಗೆ ಆರಿಸಿ. ನಾಲ್ಕು ವರ್ಷದ ಮಗು ಎದ್ದು ಹೋಗಬಹುದು, ಬರಬಹುದು, ಪಕ್ಕದಲ್ಲೇ ಆಡಿಕೊಳ್ಳಬಹುದು. ಕೂಗುವಂತಿಲ್ಲ, ಪುಸ್ತಕ ಎಳೆಯುವಂತಿಲ್ಲ. ಕೇಳುತ್ತಲೇ ಇಲ್ಲ ಎನ್ನಿಸಿದ ಆ ಮಗುವೇ ಸಂಜೆ ಗೊಂಬೆಗೆ ಕಥೆಯ ಪಾತ್ರದ ಹೆಸರಿಟ್ಟಿರುತ್ತದೆ. ಎಂಟು ವರ್ಷದವರಿಗೆ ಒಂದು ಪುಟ ಓದಲು ಕೊಡುವ ಆಸೆ ಸಹಜ, ಆದರೆ ಅಧ್ಯಾಯದ ನಡುವೆ ಬೇಡ. ಅವರ ತೊದಲಿನಲ್ಲಿ ತಮ್ಮ ತಂಗಿಯರು ಕಥೆಯ ಹಿಡಿತ ಕಳೆದುಕೊಳ್ಳುತ್ತಾರೆ, ಓದಿದವರಿಗೆ ಅವಮಾನ. ಅಧ್ಯಾಯದ ಹೆಸರು, ಒಂದೇ ಪಾತ್ರದ ಮಾತು, ಇಷ್ಟು ಕೊಡಿ.

ಎಲ್ಲಿ ನಿಲ್ಲಿಸಬೇಕು? ಅಧ್ಯಾಯದ ಕೊನೆಯಲ್ಲೇ ನಿಲ್ಲಿಸಬೇಕೆಂಬ ಕಟ್ಟಳೆ ಏನಿಲ್ಲ. ಎಷ್ಟೋ ಅಧ್ಯಾಯಗಳು ಎಲ್ಲರೂ ಉಂಡು ಮಲಗಿದರು ಎಂದು ಮುಗಿಯುತ್ತವೆ. ಅಲ್ಲಿ ನಿಲ್ಲಿಸಿದರೆ ನಾಳೆಗೆ ಸೆಳೆತವಿಲ್ಲ. ಅರ್ಧ ಪುಟ ಹಿಂದೆ, ಬಾಗಿಲು ತಟ್ಟಿದ ಸದ್ದಾದ ಕಡೆ ಕೊಕ್ಕೆ ಗುರುತು ಹಾಕಿ. ದಿನಾ ಹಾಗೆ ಮಾಡಿದರೂ ಮಕ್ಕಳು ಸಿಟ್ಟಾಗುತ್ತಾರೆ, ವಾರಕ್ಕೆರಡು ಸಲ ಸಾಕು. ಭಯದ ಜಾಗದಲ್ಲಿ ನಿಲ್ಲಿಸಬಾರದು. ಕಾಡಿನಲ್ಲಿ ಒಂಟಿಯಾಗಿ ಬಿಟ್ಟ ಹುಡುಗಿಯನ್ನು ಇವತ್ತೇ ಯಾರಾದರೂ ಕಾಣುವವರೆಗೆ ಓದಿಬಿಡಿ, ಎರಡು ಪುಟ ಹೆಚ್ಚಾದರೂ ಪರವಾಗಿಲ್ಲ. “ಇನ್ನೊಂದೇ ಒಂದು ಅಧ್ಯಾಯ” ಎಂಬ ಬೇಡಿಕೆಗೆ ಹತ್ತರಲ್ಲಿ ಒಂದು ಸಲ ಮಣಿಯಿರಿ.

ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ತಾರೀಕು, ಪುಸ್ತಕದ ಹೆಸರು, ಎಲ್ಲಿಂದ ಎಲ್ಲಿಯವರೆಗೆ, ಯಾರು ಓದಿದ್ದು, ಇಷ್ಟು ಬರೆಯಿರಿ. ಅಪ್ಪ ಓದಿದ ದಿನ ಎಲ್ಲಿಗೆ ನಿಂತಿತು ಎಂಬ ಜಗಳ ಇದರಿಂದ ತಪ್ಪುತ್ತದೆ. ಮುಂದೆ ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಎ, ಬಿ, ಸಿ ಹಂತಗಳಿಗೆ (3, 5, 8ನೇ ತರಗತಿಗಳಿಗೆ ಸಮ) ಹೋಗುವವರು ಏನೇನು ಓದಿ ಆಗಿದೆ ಎಂದು ನೋಡಿಕೊಳ್ಳಲೂ ಆಗುತ್ತದೆ.

ಎರಡನೆಯ ವಾರದ ಕೊನೆ, ಅಂದರೆ 70ರಿಂದ 100ನೇ ಪುಟದ ನಡುವೆ, ಹೆಚ್ಚುಕಡಿಮೆ ಎಲ್ಲ ಪುಸ್ತಕವೂ ಸೊರಗುತ್ತದೆ. ಹೊಸತನ ಹೋಗಿರುತ್ತದೆ, ಗಂಟು ಇನ್ನೂ ಬಿಗಿದಿರುವುದಿಲ್ಲ. ಇಲ್ಲಿ ಪುಸ್ತಕ ಬಿಟ್ಟವರೇ ಬಹಳ. ಆ ನಾಲ್ಕೈದು ದಿನ ಎಂಟರ ಬದಲು ಹತ್ತು ಪುಟ ಓದಿ, ಬೆಟ್ಟ ಗುಡ್ಡದ ವರ್ಣನೆಯನ್ನು ತೆಳುವಾಗಿಸಿ, ಲಾಲ್‌ಬಾಗಿನ ಬಂಡೆಯ ಮೇಲೋ ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಪಕ್ಕವೋ ಒಂದು ದಿನ ಕೂತು ಓದಿ. ಹೊರಗೆ ದನಿ ಚೆದುರುವುದರಿಂದ ಐದು ಪುಟಕ್ಕಿಂತ ಹೆಚ್ಚಿಟ್ಟುಕೊಳ್ಳಬೇಡಿ. ಇದು ನಡುವಿನ ಸೊರಗು. ಶುರುವಿನಲ್ಲೇ ಹಿಡಿಸದ ಪುಸ್ತಕದ ಮಾತು ಬೇರೆ. ಮೂರು ದಿನದ ಓದು ಅಥವಾ 30 ಪುಟ, ಅಷ್ಟರಲ್ಲಿ ಒಬ್ಬರೂ “ಆಮೇಲೆ?” ಎನ್ನದಿದ್ದರೆ ಪುಸ್ತಕವನ್ನು ಕಪಾಟಿಗೆ ಇಡಿ. ಸದ್ದಿಲ್ಲದೆ ಇಡಬೇಡಿ, “ಇದು ಈಗ ಬೇಡ” ಎಂದು ಹೇಳಿಯೇ ಇಡಿ. ಒಂದು ವರ್ಷ ಕಳೆದು ಅದೇ ಪುಸ್ತಕಕ್ಕೆ ಅದೇ ಮಕ್ಕಳು ಕಿತ್ತಾಡಿದ್ದುಂಟು.

ಮದುವೆ, ಊರು, ಜ್ವರ ಎಂದು ಐದು ದಿನ ತಪ್ಪಿದರೆ ಸಾರಾಂಶ ಹೇಳಿ ಮುಂದುವರಿಯುವ ಆತುರ ಬೇಡ. ಕೊನೆಯಲ್ಲಿ ಓದಿದ್ದ ಅಧ್ಯಾಯವನ್ನೇ ಪೂರ್ತಿ ಮತ್ತೆ ಓದಿ. ಹದಿನೈದು ದಿನ ತಪ್ಪಿದರೆ ಮೊದಲಿನಿಂದ. ಅಯ್ಯೋ ಅನ್ನಿಸುವುದು ದೊಡ್ಡವರಿಗೆ ಮಾತ್ರ. ಕೇಳಿದ ಕಥೆಯನ್ನೇ ಕೇಳಲು ಮಕ್ಕಳಿಗೆ ಬೇಸರವಿಲ್ಲ.

ಕೊನೆಯ ಎರಡು ಅಧ್ಯಾಯಗಳನ್ನು ಮಾತ್ರ ಒಂದೇ ದಿನ, ನಡುವೆ ಹತ್ತು ನಿಮಿಷ ಬಿಟ್ಟು ಓದುತ್ತೇವೆ. ಒಂದೇ ಅಧ್ಯಾಯ ಉಳಿಸಿದರೆ ಆ ರಾತ್ರಿ ಓದಬಲ್ಲ ಮಗು ಟಾರ್ಚು ಹಿಡಿದು ಓದಿ, ಬೆಳಗಿನ ಕಾಫಿಯ ಹೊತ್ತಿಗೆ ತಂಗಿಗೆ ಅಂತ್ಯ ಹೇಳಿಬಿಟ್ಟಿರುತ್ತದೆ. ಮುಗಿದ ಪುಸ್ತಕ ಒಂದು ವಾರ ಮಕ್ಕಳ ಕೈಗೆ ಎಟುಕುವ ಕಡೆ ಬಿದ್ದಿರಲಿ. ಓದಲು ಬಾರದವರೂ ತಿರುವಿ ಹಾಕುತ್ತ ತಮಗೆ ನೆನಪಿರುವ ಕಡೆ ಬೆರಳಿಟ್ಟು ಗಟ್ಟಿಯಾಗಿ ‘ಓದುತ್ತಾರೆ’. ಮುಂದಿನ ಪುಸ್ತಕವನ್ನು ಎರಡು ಮೂರು ದಿನ ಬಿಟ್ಟು ತೆರೆಯುತ್ತೇವೆ, ಅಷ್ಟರಲ್ಲಿ ಅದರ ಮೊದಲ ಹದಿನಾರು ಪುಟಕ್ಕೆ ಪೆನ್ಸಿಲ್ ಗುರುತು ಬಿದ್ದಿರುತ್ತದೆ.